ಚೌಡಪ್ಪನವರ ಅಕ್ಷರದಂಚು

ಕಣ್ಣಿನ ಪೊರೆ ತೆಗೆಸಿಕೊಂಡು ಬಂದು ಇವತ್ತಿಗೆ ಹದಿನೆಂಟು ದಿನ. ಡಾಕ್ಟರಮ್ಮ ಒಳ್ಳೆಯವರು. ತಲೆಗೆ ಸ್ನಾನ ಮಾಡಬೇಡಿ, ಭಾರ ಎತ್ತಬೇಡಿ, ಬಗ್ಗಬೇಡಿ ಎಂದಾಗ ನಾನು ಸಂತೋಷದಿಂದಲೇ ಒಪ್ಪಿಕೊಂಡೆ. ಆ ಮೂರರಲ್ಲಿ ಎರಡನ್ನು ಮಾಡದಿರುವ ಅಭ್ಯಾಸ ನನಗೆ ಮೊದಲಿನಿಂದಲೂ ಇದೆ. ಆದರೆ ಬಾಗಿಲ ತನಕ ಹೋದವನನ್ನು ಮತ್ತೆ ಕರೆದು, "ಹೊಸ ಕನ್ನಡಕ ಬರೋವರೆಗೂ ಓದೋಕೆ ಹೋಗಬೇಡಿ ಸಾರ್, ಒಂದು ತಿಂಗಳು ಅಷ್ಟೆ" ಎಂದುಬಿಟ್ಟರು. ಅಷ್ಟೆ ಅಂತೆ. ಊಟ ಬಿಡಿ ಎಂದಿದ್ದರೂ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಂಡಿತನಾಗಿದ್ದವನು ನಾನು. ಓದುವುದು ನನಗೆ ಹವ್ಯಾಸವಲ್ಲ, ಚಟ. ಕಡಲೆಕಾಯಿ ಪೊಟ್ಟಣವನ್ನು ಬಿಚ್ಚಿ ಓದುತ್ತೇನೆ. ಔಷಧಿಯ ಡಬ್ಬಿಯ ಮೇಲಿನದನ್ನು ಓದುತ್ತೇನೆ. ಮದುವೆಯ ಕರೆಯೋಲೆ ಬಂದರೆ ವಧೂವರರ ಹೆಸರಿಗಿಂತ ಮೊದಲು ಅಚ್ಚಿನ ತಪ್ಪುಗಳನ್ನು ಹುಡುಕುತ್ತೇನೆ. "ಜನ ಮದುವೆ ಮನೇಲಿ ಹೆಣ್ಣು ಗಂಡು ನೋಡ್ತಾರೆ, ನಮ್ಮೆಜಮಾನ್ರು ಬೋರ್ಡ್ ನೋಡ್ತಾರೆ" ಎಂದು ನನ್ನ ಹೆಂಡತಿ ಬಂದವರೆದುರಿಗೆಲ್ಲ ಹೇಳಿಕೊಂಡು ನಗುತ್ತಾಳೆ. ನೀವೂ ಇಂಥವರಾಗಿದ್ದರೆ ನನ್ನ ಸಂಕಟ ನಿಮಗೆ ಅರ್ಥವಾಗುತ್ತದೆ.

ಬೆಳಿಗ್ಗೆ ಅವಳು ಹಿತ್ತಲಿಗೆ ಹೋದ ಸಮಯ ನೋಡಿಕೊಂಡು ಪತ್ರಿಕೆ ಬಿಡಿಸಿದೆ. ಪುಟವೇನೋ ಕಂಡಿತು, ಅಕ್ಷರ ಕಾಣಲಿಲ್ಲ. ಕಾಣಲಿಲ್ಲ ಎಂದರೆ ಪೂರ್ತಿ ಸರಿಯಲ್ಲ. ಕಪ್ಪಗೆ ಏನೋ ಸುತ್ತಿಕೊಂಡು, ಬಾಗಿಕೊಂಡು, ಒಂದರ ಪಕ್ಕದಲ್ಲೊಂದು ಸಾಲಾಗಿ ಹೋಗುತ್ತಿತ್ತು. ದಪ್ಪ ತಲೆಬರಹವೂ ಅಷ್ಟೆ. ಯಾವ ಸುದ್ದಿಯೆಂದು ತಿಳಿಯಲಿಲ್ಲ. ಕಣ್ಣನ್ನು ಕಿರಿದು ಮಾಡಿ ನೋಡಿದೆ, ಅಗಲ ಮಾಡಿ ನೋಡಿದೆ, ನೀರು ಸುರಿಯತೊಡಗಿತು. ಒರೆಸಿಕೊಳ್ಳಲು ಮೆತ್ತನೆಯ ಬಟ್ಟೆ ಎಲ್ಲಿದೆಯೆಂದು ಕೂಗಿ ಕೇಳಿದ್ದಕ್ಕೆ ಹಿತ್ತಲಿನಿಂದಲೇ, "ಬೀರುವಿನ ಕೆಳಗಿನ ಅರೇಲಿ ಹಳೇ ಪಂಚೆ ತುಂಡಿದೆ ನೋಡಿ" ಎಂಬ ಉತ್ತರ ಬಂತು. ಬಗ್ಗಬಾರದೆಂಬುದನ್ನು ಮರೆತು ಬಗ್ಗಿದೆ. ಕೈಗೆ ಸಿಕ್ಕಿದ್ದು ಪಂಚೆಯಲ್ಲ. ನುಣುಪಾದ ರೇಷ್ಮೆ.

ಹೊರಗೆ ಬೆಳಕಿಗೆ ತಂದೆ. ಒಂದು ಗೇಣು ಉದ್ದ, ಆದರೆ ಸೀರೆಯ ಪೂರ್ತಿ ಅಗಲ. ಎರಡು ಕಡೆಗೂ ಅಂಚಿದೆ, ನಡುವೆ ಕಡುಹಸಿರು. ಒಂದು ಅಂಚಿನ ಮೇಲೆ ಸಾಲಾಗಿ ಮಾಸಿದ ಕೆಂಪು ಗೀಟುಗಳು. ಅವು ಏನೆಂದು ತಿಳಿಯಲು ನನಗೆ ಕಣ್ಣು ಬೇಕಾಗಿರಲಿಲ್ಲ. ಅವನ್ನು ಹಾಕಿದವನು ನಾನೇ.

ಎಂಬತ್ತರ ದಶಕದ ಕೊನೆಗೆ ನಾನು ದೊಡ್ಡಬಳ್ಳಾಪುರಕ್ಕೆ ವರ್ಗವಾಗಿ ಬಂದೆ. ನೆಲಮಂಗಲದ ಕಡೆಯ ರಾಗಿ ಹೊಲದವನಿಗೆ ಮಗ್ಗದ ಊರು ಹೊಸದು. ನಾವು ಬಾಡಿಗೆಗೆ ಹಿಡಿದ ಮನೆಯ ಎಡಕ್ಕೆ ನಾಲ್ಕು ಪವರ್‌ಲೂಮು, ಬಲಕ್ಕೆ ಆರು. ಬೆಳಗಾದರೆ ಶುರುವಾಗುವ ಆ ಟಕಟಕ ಸದ್ದಿಗೆ ಗೋಡೆಯ ಮೇಲಿನ ಕ್ಯಾಲೆಂಡರ್ ಕೂಡ ಅಲುಗುತ್ತಿತ್ತು. ಮೊದಲ ವಾರ ನಾನು ಕಿವಿಗೆ ಹತ್ತಿ ಇಟ್ಟುಕೊಂಡು ತರಗತಿಯ ಟಿಪ್ಪಣಿ ಬರೆದೆ. ಎರಡನೆಯ ತಿಂಗಳಿನ ಹೊತ್ತಿಗೆ ಕರೆಂಟು ಹೋಗಿ ಸದ್ದು ನಿಂತರೆ ಏನಾಯಿತೋ ಎಂದು ಗಾಬರಿಯಿಂದ ಹೊರಗೆ ಬರುವಷ್ಟಾದೆ. ಆ ಬೀದಿಯ ಜನ ಎದುರಿಗೆ ನಿಂತಾಗಲೂ ಕೂಗಿಯೇ ಮಾತಾಡುತ್ತಿದ್ದರು. ನನ್ನ ಹೆಂಡತಿ ಮೊದಮೊದಲು ಎಲ್ಲರೂ ಜಗಳವಾಡುತ್ತಿದ್ದಾರೆಂದೇ ತಿಳಿದಿದ್ದಳು. ಆರು ತಿಂಗಳು ಕಳೆದ ಮೇಲೆ ಅವಳೂ ಹಾಗೆಯೇ ಮಾತಾಡತೊಡಗಿದಳು, ಇವತ್ತಿನವರೆಗೂ ನಿಲ್ಲಿಸಿಲ್ಲ.

ನಮ್ಮ ಎದುರು ಮನೆಯವರು ಚೌಡಪ್ಪನವರು. ಅವರ ಮನೆಯಲ್ಲಿ ಮಗ್ಗವಿರಲಿಲ್ಲ. ಕಿಟಕಿಯ ಪಕ್ಕ ಓರೆಯಾದ ಒಂದು ಹಲಗೆ, ಅದರ ಮೇಲೆ ಚೌಕುಳಿ ಗೆರೆಯ ದೊಡ್ಡ ಕಾಗದ, ಎದುರಿಗೆ ಬೆನ್ನು ಬಾಗಿಸಿ ಕೂತ ಬಡಕಲು ಮನುಷ್ಯ. ಸೀರೆಯ ಅಂಚಿಗೂ ಸೆರಗಿಗೂ ಬೇಕಾದ ನಕ್ಷೆಯನ್ನು ಅವರು ಆ ಕಾಗದದ ಮೇಲೆ ಬಣ್ಣ ತುಂಬಿ ಬಿಡಿಸುತ್ತಿದ್ದರು. ಒಂದು ಚೌಕಕ್ಕೆ ಅವರ ಬಾಯಲ್ಲಿ 'ಮನೆ' ಎಂದು ಹೆಸರು. ಒಂದು ಮನೆ ಎಂದರೆ ಒಂದು ಎಳೆ. ಆ ನಕ್ಷೆ ನೋಡಿಕೊಂಡು ರಟ್ಟಿನ ಪಟ್ಟಿಗಳಿಗೆ ತೂತು ಹೊಡೆಯುತ್ತಾರೆ, ಆ ಪಟ್ಟಿಗಳನ್ನು ಸರದಂತೆ ಹೆಣೆದು ಮಗ್ಗದ ನೆತ್ತಿಯ ಮೇಲೆ ಏರಿಸುತ್ತಾರೆ. ಪಟ್ಟಿಗೆ ಅಟ್ಟೆ ಎನ್ನುತ್ತಿದ್ದರು. ಅಟ್ಟೆಯಲ್ಲಿ ತೂತು ಇದ್ದ ಕಡೆ ಎಳೆ ಏಳುತ್ತದೆ, ಇಲ್ಲದ ಕಡೆ ಏಳುವುದಿಲ್ಲ. ಮಾವಿನಕಾಯಿ, ಹಂಸ, ರುದ್ರಾಕ್ಷಿ, ಗೋಪುರ, ಎಲ್ಲವೂ ಹೀಗೆಯೇ ಬಟ್ಟೆಗೆ ಬರುತ್ತವೆ. ಇಪ್ಪತ್ತು ವರ್ಷ ಚೌಡಪ್ಪನವರು ಮಾವಿನಕಾಯಿ ಮತ್ತು ಹಂಸಗಳನ್ನೇ ಬರೆದಿದ್ದರು. ಮಗ್ಗದ ಮಾಲೀಕರು ಎಲ್ಲಿಂದಲೋ ಒಂದು ಸೀರೆ ತಂದು, "ಇದೇ ಥರ ಹಾಕ್ಕೊಡಪ್ಪಾ" ಎನ್ನುತ್ತಿದ್ದರು, ಇವರು ಹಾಕಿಕೊಡುತ್ತಿದ್ದರು. ಅಷ್ಟು ಸೀರೆಗಳಲ್ಲಿ ಒಂದರ ನಕ್ಷೆಯೂ ಅವರ ಸ್ವಂತದ್ದಲ್ಲ.

ಒಂದು ಭಾನುವಾರ ಅವರು ಬೀದಿ ದಾಟಿ ಬಂದರು. "ಮೇಷ್ಟ್ರೇ, ನಂಗೊಂದು ಅ ಬರ್ದು ಕೊಡ್ತೀರಾ?" ಎಂದರು.

ನನ್ನ ಎದೆ ತುಂಬಿ ಬಂತು. ಇಷ್ಟು ವಯಸ್ಸಾದ ಮೇಲೆ ಅಕ್ಷರ ಕಲಿಯುವ ಆಸೆ! ಒಳಗೆ ಕರೆದು ಕೂರಿಸಿ, ಮಗನ ಸ್ಲೇಟು ತಂದು, ದೊಡ್ಡದಾಗಿ ಅ ಬರೆದು, ಎಲ್ಲಿ ಶುರುಮಾಡಬೇಕು, ಎಲ್ಲಿ ತಿರುಗಿಸಬೇಕು ಎಂದು ವಿವರಿಸಿದೆ. ಕಲಿಯಲು ವಯಸ್ಸಿನ ಹಂಗಿಲ್ಲವೆಂದು ಒಂದು ಸಣ್ಣ ಭಾಷಣವನ್ನೂ ಮಾಡಿದೆ. ಅವರು ತಲೆದೂಗುತ್ತ ಎಲ್ಲವನ್ನೂ ಕೇಳಿಸಿಕೊಂಡು, ಕೊನೆಗೆ ಬಹಳ ಸಂಕೋಚದಿಂದ, "ನಾನು ಏಳ್ನೇ ಕ್ಲಾಸ್ ಪಾಸ್ ಮಾಡಿದೀನಿ ಮೇಷ್ಟ್ರೇ. ಓದೋಕ್ ಬರುತ್ತೆ. ನಿಮ್ ಕೈಯಲ್ಲಿ ಅದು ಹೆಂಗ್ ತಿರುಗುತ್ತೆ ಅಂತ ನೋಡ್ಬೇಕಾಗಿತ್ತು ಅಷ್ಟೆ" ಎಂದರು. ಒಳಗಿನಿಂದ ನನ್ನ ಹೆಂಡತಿ ನಕ್ಕಿದ್ದು ಮಗ್ಗದ ಸದ್ದಿನಲ್ಲೂ ಕೇಳಿಸಿತು.

ಅವರ ಮನೆಗೆ ಹೋಗಿ ನೋಡಿದಾಗ ಗೋಡೆಯ ತುಂಬ ಅಕಾರಗಳಿದ್ದವು. ಹೂ ಮಾರುವವಳು ಬರೆದದ್ದು ಒಂದು, ಬಸ್ಸಿನ ಕಂಡಕ್ಟರು ಟಿಕೆಟ್ಟಿನ ಹಿಂದೆ ಗೀಚಿದ್ದು ಒಂದು, ಮಗಳು ಭಾಗ್ಯ ಒಂದನೇ ಕ್ಲಾಸಿನಲ್ಲಿ ಬರೆದದ್ದು ಒಂದು. ನೆಲಮಂಗಲದ ಹೆದ್ದಾರಿಯ ಬದಿಯಲ್ಲಿ ಲಾರಿಗಳ ಹಿಂದೆ ಬರೆಯುವ ಪೇಂಟರ್ ಒಬ್ಬನ ಅ ಅವರಿಗೆ ತುಂಬ ಇಷ್ಟ. ಅದನ್ನು ನೋಡಲಿಕ್ಕೆಂದೇ ಬಸ್ಸು ಹತ್ತಿ ಹೋಗಿ, ಕಾಗದವಿಟ್ಟು ಪೆನ್ಸಿಲಿನಲ್ಲಿ ಉಜ್ಜಿಕೊಂಡು ಬಂದಿದ್ದರು. ನನ್ನಿಂದ ಒಂದು ಕಾಗದದ ಮೇಲೆ ಬರೆಸಿಕೊಂಡು ಅದನ್ನೂ ಗೋಡೆಗೆ ಅಂಟಿಸಿ, ಹಿಂದೆ ಸರಿದು ನಿಂತು ನೋಡಿ, "ನಿಮ್ದು ನೆಟ್ಟಗೈತೆ. ಆದ್ರೆ ಉಸಿರು ಬಿಗಿ ಹಿಡ್ಕೊಂಡಂಗೈತೆ" ಎಂದರು. ಎಂ.ಎ. ಮಾಡಿದವನಿಗೆ ಹೇಳುವ ಮಾತೇ ಇದು? ಎರಡು ದಿನ ಆ ಕಡೆ ತಲೆ ಹಾಕಲಿಲ್ಲ.

ಆಮೇಲೆ ಕುತೂಹಲ ತಡೆಯಲಾಗದೆ ಹೋದೆ. ದಿನದ ಮಾವಿನಕಾಯಿ ಮುಗಿದ ಮೇಲೆ ಉಳಿದ ಚೌಕುಳಿ ಕಾಗದದಲ್ಲಿ ಅವರು ಅಕ್ಷರಗಳೊಂದಿಗೆ ಏನೇನೋ ಮಾಡುತ್ತಿದ್ದರು. ಒಂದು ಹಾಳೆಯಲ್ಲಿ ಬರೀ ತಲೆಕಟ್ಟು, ಕೆಳಗೆ ಅಕ್ಷರವೇ ಇಲ್ಲ. ಇನ್ನೊಂದರಲ್ಲಿ ಣಕಾರದ ಅಲೆಯೊಳಗೆ ಇನ್ನೊಂದು ಣಕಾರ, ಅದರೊಳಗೆ ಮತ್ತೊಂದು. ಮತ್ತೊಂದು ಹಾಳೆಯಲ್ಲಿ ಅಕ್ಷರವನ್ನು ಬಿಳಿಯಾಗಿಯೇ ಬಿಟ್ಟು, ಅದರ ಹೊಟ್ಟೆಯೊಳಗಿನ ಮತ್ತು ಅಕ್ಕಪಕ್ಕದ ಖಾಲಿ ಜಾಗಕ್ಕೆ ಮಾತ್ರ ಬಣ್ಣ ತುಂಬಿದ್ದರು. ನಾನು ಬಲು ಕಷ್ಟಪಟ್ಟು ಅದು ಲ ಎಂದು ಪತ್ತೆಹಚ್ಚಿ ಹೇಳಿದೆ. "ಹೌದಾ? ಸರಿ" ಎಂದರು, ಅದೇನೂ ಮುಖ್ಯವಲ್ಲ ಎನ್ನುವಂತೆ.

"ಇದರ ಅರ್ಥ ಏನು ಚೌಡಪ್ಪನವರೇ?" ಎಂದು ಕೇಳಿದೆ.

"ಅರ್ಥ ಏನಿಲ್ಲ ಮೇಷ್ಟ್ರೇ."

"ಅರ್ಥ ಇಲ್ಲದ ಮೇಲೆ ಅಕ್ಷರ ಯಾಕೆ? ಹೂವೇ ಬಿಡಿಸಬಹುದಲ್ಲ."

ಅವರು ಕುಂಚವನ್ನು ಬಟ್ಟೆಗೆ ಒರೆಸಿದರು. "ಹೂವು ನಾನು ಯಾರ್ದೋ ಸೀರೆ ನೋಡಿ ಬರೀತೀನಿ. ಇದು ಹಂಗಲ್ಲ. ಇದು ನಮ್ ಊರೋರ ಎಲ್ರ ಕೈಯಲ್ಲೂ ದಿನಾ ತಿರುಗ್ತಾ ಇರುತ್ತೆ, ಒಬ್ರೂ ತಿರುಗಿ ನೋಡಲ್ಲ. ಓದಿ ಮುಂದಕ್ಕೋಗ್ತಾರೆ" ಎಂದರು. ನಾನು ಆ ಮಾತನ್ನು ಕಿವಿಗೆ ಹಾಕಿಕೊಂಡೆನೇ ಹೊರತು ತಲೆಗೆ ಹಾಕಿಕೊಳ್ಳಲಿಲ್ಲ.

ಇಷ್ಟಾಗುವಾಗ ಭಾಗ್ಯಳ ಮದುವೆ ಗೊತ್ತಾಯಿತು. ಭಾಗ್ಯ ನನ್ನ ಶಿಷ್ಯೆ, ಹತ್ತನೇ ಕ್ಲಾಸಿನಲ್ಲಿ ಕನ್ನಡಕ್ಕೆ ನನ್ನಿಂದ ಒಳ್ಳೆಯ ಅಂಕ ಪಡೆದವಳು. ಗಂಡು ದೇವನಹಳ್ಳಿಯವನು, ಅವರೂ ನೇಯ್ಗೆಯವರೇ. ಧಾರೆ ಸೀರೆ ಕೊಡಬೇಕಾದದ್ದು ಗಂಡಿನ ಕಡೆಯವರು. ಆದರೆ ಚೌಡಪ್ಪನವರು ಬೀಗರ ಕೈ ಹಿಡಿದು, "ಅದೊಂದು ನಂಗೆ ಬಿಟ್ಕೊಡಿ" ಎಂದು ಕೇಳಿಕೊಂಡರು. ಯಾವತ್ತೂ ಏನೂ ಕೇಳದ ಮನುಷ್ಯ ಕೇಳಿದ್ದನ್ನು ನೋಡಿ ಅವರೂ ಒಪ್ಪಿದರು. ಮಾವಿನಕಾಯಿ ಬರೆದುಕೊಟ್ಟ ಇಷ್ಟು ವರ್ಷಗಳ ಮೇಲೆ ಒಂದೇ ಒಂದು ಸೀರೆ ತನ್ನ ಸ್ವಂತ ನಕ್ಷೆಯಲ್ಲಿ ನೇಯಬೇಕು, ಅದನ್ನು ಮಗಳು ಧಾರೆಗೆ ಉಡಬೇಕು. ಅವರಿಗಿದ್ದದ್ದು ಅದೊಂದೇ ಆಸೆ. ಅಂಚಿಗೆ ಅವರು ಆರಿಸಿದ್ದು ನಾಲ್ಕು ಅಕ್ಷರ: ಅ, ಠ, ಣ, ಲ.

"ಅಠಣಲ ಅಂದ್ರೆ ಏನ್ರೀ? ಭಾಗ್ಯ ಅಂತ ಹಾಕಿ, ಶುಭವಿವಾಹ ಅಂತ ಹಾಕಿ" ಎಂದೆ ನಾನು.

"ಹೆಸರು ಹಾಕಿದ್ರೆ ಓದ್ತಾರೆ ಮೇಷ್ಟ್ರೇ" ಎಂದರು.

ಎರಡು ತಿಂಗಳು ಕೂತು ಬರೆದರು. ಪರಿಚಯದ ಮಾಲೀಕರೊಬ್ಬರು ಒಂದು ಮಗ್ಗ ಬಿಟ್ಟುಕೊಟ್ಟರು. ಅಟ್ಟೆ ಏರಿಸಿ, ಪರೀಕ್ಷೆಗೆಂದು ಒಂದು ಗೇಣು ನೇಯ್ದು ಕತ್ತರಿಸಿದ ತುಂಡನ್ನು ಹಿಡಿದುಕೊಂಡು, ಚಪ್ಪಲಿಯನ್ನೂ ಹಾಕಿಕೊಳ್ಳದೆ ನನ್ನ ಮನೆಗೆ ಓಡಿ ಬಂದರು. ನಾನು ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಅದನ್ನು ನೀವು ನೆನಪಿಡಬೇಕು. ನನ್ನ ಪರವಾಗಿ ಹೇಳಿಕೊಳ್ಳಲು ಇರುವುದು ಅದೊಂದೇ.

ಬಟ್ಟೆಯನ್ನು ಮೇಜಿನ ಮೇಲೆ ಹರಡಿದರು. "ನೋಡಿ ಮೇಷ್ಟ್ರೇ, ಮಗ್ಗ ಏನ್ ಮಾಡ್ಬಿಟ್ಟಿದೆ ನೋಡಿ!" ಎಂದರು.

ನೋಡಿದೆ. ಒಂದು ಅಂಚು ಸೊಗಸಾಗಿತ್ತು. ಇನ್ನೊಂದನ್ನು ನನ್ನ ಕಡೆಗೆ ತಿರುಗಿಸಿಕೊಂಡಾಗ ಅಲ್ಲಿ ಎಲ್ಲ ಅಕ್ಷರಗಳೂ ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ತಿರುವುಮುರುವಾಗಿದ್ದವು. ನನ್ನ ಬಲಗೈಯಲ್ಲಿ ಕೆಂಪು ಪೆನ್ನಿತ್ತು. ಕೈ ತಾನಾಗಿಯೇ ಹೋಯಿತು. ತಿರುಗಿದ ಅ ಮೇಲೆ ಒಂದು ಗೀಟು, ಣ ಮೇಲೆ ಒಂದು, ಲ ಮೇಲೆ ಒಂದು. ಠ ದುಂಡಗಿರುವುದರಿಂದ ಅದಕ್ಕೆ ತಪ್ಪು ಹಾಕುವುದೋ ಬೇಡವೋ ಎಂದು ಒಂದು ಗಳಿಗೆ ಅನುಮಾನವಾಯಿತು. ತಲೆಕಟ್ಟು ಎಡಕ್ಕೆ ಕೊಂಕಿರುವುದನ್ನು ಗಮನಿಸಿ ಅದಕ್ಕೂ ಹಾಕಿದೆ. ಹೀಗೆ ಅಂಚಿನ ಉದ್ದಕ್ಕೂ ಹಾಕಿಕೊಂಡು ಹೋಗಿ, ಕೊನೆಗೆ ತಲೆಯೆತ್ತಿ, "ಈ ಸಾಲು ಪೂರ್ತಿ ತಪ್ಪಾಗಿದೆಯಲ್ಲ ಚೌಡಪ್ಪನವರೇ" ಎಂದೆ.

ಅವರು ನನ್ನನ್ನು ನೋಡಲಿಲ್ಲ. "ಬಟ್ಟೆ ಮೇಲೇ ಬರ್ದ್ಬಿಟ್ರಲ್ಲ ಮೇಷ್ಟ್ರೇ" ಎಂದರು, ಮೆಲ್ಲಗೆ.

ಆಮೇಲೆ ಅವರೇ ತಾಳ್ಮೆಯಿಂದ ವಿವರಿಸಿದರು. ಸೀರೆಗೆ ಎರಡು ಅಂಚು, ಆದರೆ ನಕ್ಷೆ ಒಂದೇ. ಮಗ್ಗದಲ್ಲಿ ಒಂದೇ ಕೊಕ್ಕೆ ಎರಡೂ ಬದಿಯ ಎಳೆಗಳನ್ನು ಎತ್ತುತ್ತದೆ, ಹಾಗಾಗಿ ಒಂದು ಅಂಚು ಯಾವಾಗಲೂ ಇನ್ನೊಂದರ ಕನ್ನಡಿ. ಹಂಸಕ್ಕೂ ಮಾವಿನಕಾಯಿಗೂ ಅದರಿಂದ ಏನೂ ಆಗುವುದಿಲ್ಲ. ಎಡಕ್ಕೆ ನೋಡುವ ಹಂಸವೂ ಹಂಸವೇ. ಇಪ್ಪತ್ತು ವರ್ಷ ಅದನ್ನೇ ಬರೆದ ಅವರಿಗೆ ಅಕ್ಷರ ತಿರುಗೀತು ಎಂಬುದು ಹೊಳೆದೇ ಇರಲಿಲ್ಲ. ಮಗ್ಗದಿಂದ ಇಳಿಸಿದಾಗಲೇ ಕಂಡದ್ದು. ಕಂಡಾಗ ಅವರಿಗೆ ಬೇಸರವಾಗಲಿಲ್ಲ, ಅಂಥ ಸಂತೋಷ ಅವರಿಗೆ ಎಂದೂ ಆಗಿರಲಿಲ್ಲವಂತೆ. "ಈ ಕಡೇದನ್ನ ಓದೋಕೇ ಆಗಲ್ಲ ನೋಡಿ. ಬರೀ ನೋಡ್ಬೇಕು ಅಷ್ಟೆ. ಅದನ್ನೇ ತೋರ್ಸೋಣ ಅಂತ ಬಂದೆ" ಎಂದರು. ನಾನು ಪೆನ್ನಿಗೆ ಮುಚ್ಚಳ ಹಾಕಿದೆ. ಕ್ಷಮೆ ಕೇಳಿದೆನೇ? ಕೇಳಿದೆನೆಂದು ಹೇಳಲು ಮನಸ್ಸಾಗುತ್ತದೆ, ಆದರೆ ಕೇಳಲಿಲ್ಲ. ಸೋಪು ಹಾಕಿ ಒಗೆದರೆ ಹೋಗುತ್ತದೆ ಎಂದಷ್ಟೇ ಹೇಳಿದೆ. ಹೋಗಲಿಲ್ಲ.

ಮುಂದಿನ ವಾರ ಬೀಗರು ಘಾಟಿಯ ದೇವಸ್ಥಾನಕ್ಕೆ ಬಂದವರು ಹಾಗೇ ಸೀರೆಯ ನಮೂನೆ ನೋಡಿಕೊಂಡು ಹೋಗಲು ಬಂದರು. ಜೊತೆಯಲ್ಲಿ ಗಂಡಿನ ಅಜ್ಜಿ ಗಂಗಮ್ಮನವರಿದ್ದರು. ಗಟ್ಟಿ ಮುದುಕಿ, ಆ ಮನೆಯಲ್ಲಿ ಅವರ ಮಾತೇ ಕೊನೆಯ ಮಾತು. ಕರೆದಿದ್ದರಿಂದ ನಾನೂ ಹೋಗಿ ಚಾಪೆಯ ಮೇಲೆ ಕೂತಿದ್ದೆ. ಅಜ್ಜಿ ತುಂಡನ್ನು ತೊಡೆಯ ಮೇಲೆ ಹಾಕಿಕೊಂಡು ಬೆರಳಿನಿಂದ ರೇಷ್ಮೆಯನ್ನು ಹೊಸಕಿ ನೋಡಿದರು. ತೃಪ್ತಿಯಾದಂತೆ ಕಂಡಿತು. ಆಮೇಲೆ ಅಂಚಿಗೆ ಬಂದರು.

"ಏನಪ್ಪಾ ಇದು ಬಳ್ಳಿ? ಹೊಸಾದಾಗೈತೆ."

"ಬಳ್ಳಿ ಅಲ್ಲಜ್ಜೀ, ಅಕ್ಷರ" ಎಂದರು ಚೌಡಪ್ಪನವರು, ಹೆಮ್ಮೆಯಿಂದ.

ಅಜ್ಜಿ ಬೆಂಕಿ ಮುಟ್ಟಿದಂತೆ ಕೈ ಹಿಂದಕ್ಕೆ ಎಳೆದುಕೊಂಡರು. ಮರುಕ್ಷಣ ಆ ತುಂಡನ್ನೇ ಎತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡರು. "ಅಯ್ಯೋ ದೇವುಡಾ! ಕಾಗದದ ಚೂರು ಕಾಲಿಗ್ ತಾಕಿದ್ರೆ ಕಣ್ಣಿಗ್ ಒತ್ಕೊಂತೀವಿ. ಈ ಮಗು ಸರಸ್ವತೀನ ಹಿಮ್ಮಡಿಗ್ ಕಟ್ಕೊಂಡು ಧಾರೆಗ್ ನಿಂತ್ಕಬೇಕಾ? ನಂಗೆ ಓದು ಬರಲ್ಲಪ್ಪಾ. ಬರದೇ ಇರೋದ್ಕೇ ನಂಗೆ ಭಯ ಜಾಸ್ತಿ. ಬೇಡ, ಬೇಡ. ನಮ್ ಕಡೆ ಸೀರೇನೇ ಆಗ್ಲಿ."

ಅಡಿಗೆಮನೆಯ ಬಾಗಿಲಲ್ಲಿ ಭಾಗ್ಯ ನಿಂತಿದ್ದಳು. ಅಜ್ಜಿ ಹೇಳಿದ್ದು ತಪ್ಪೆನ್ನಲು ನನಗೂ ಬಾಯಿ ಬರಲಿಲ್ಲ, ಪುಸ್ತಕ ಕೈಜಾರಿ ಬಿದ್ದರೆ ನಾನೂ ಕಣ್ಣಿಗೆ ಒತ್ತಿಕೊಳ್ಳುವವನೇ. ಅಜ್ಜಿ ಬಟ್ಟೆ ಮಡಿಸುವಾಗ ಇನ್ನೊಂದು ಅಂಚು ಮೇಲೆ ಬಂತು. "ಇದೇನು, ಕುಂಕುಮ ಸೋಕೈತಾ?" ಎಂದು ಕೇಳಿದರು.

ಚೌಡಪ್ಪನವರು ತಲೆಯೆತ್ತಿದರು. "ಅದು ಮೇಷ್ಟ್ರು ಹಾಕಿರೋದು ಅಜ್ಜೀ, ತಪ್ಪು ಅಂತ. ಆ ಕಡೇವು ತಿರುಗಿಬಿಟ್ಟಿವೆ" ಎಂದರು. ನಿಧಾನವಾಗಿ ಮುಂದುವರಿಸಿದರು: "ಅಟ್ಟೆ ಸರಾನ ನಾನು ಹಿಂದುಮುಂದು ಓಡ್ಸಿದ್ರೆ ಅಂಚು ಅದಲುಬದಲಾಗುತ್ತೆ. ಸರಿಯಾಗಿರೋ ಅಕ್ಷರ ಮೇಲೆ ಸೊಂಟದ ಹತ್ರ ಹೋಗುತ್ತೆ. ಕಾಲ ಹತ್ರ ಬರೋದು ಈ ತಿರುಗಿರೋವು. ಇವು ಅಕ್ಷರಾನೋ ಅಲ್ವೋ, ಮೇಷ್ಟ್ರನ್ನೇ ಕೇಳಿ."

ಎಲ್ಲರೂ ನನ್ನ ಕಡೆ ತಿರುಗಿದರು. ಚೌಡಪ್ಪನವರೂ ನೋಡುತ್ತಿದ್ದರು. ನಾನು ಗಂಟಲು ಸರಿಮಾಡಿಕೊಂಡು, ತರಗತಿಯ ದನಿಯಲ್ಲಿ, "ಅಲ್ಲ ಅಜ್ಜೀ. ಇದನ್ನ ಯಾರೂ ಓದೋಕಾಗಲ್ಲ. ಇದು ಅಕ್ಷರ ಅಲ್ಲ. ನೀವು ಮೊದಲು ಹೇಳಿದ ಹಾಗೆ ಬಳ್ಳಿ ಅಂದ್ಕೊಳ್ಳಿ" ಎಂದು ತೀರ್ಪು ಕೊಟ್ಟೆ.

"ಮೇಷ್ಟ್ರೇ ಹೇಳಿದ್ ಮೇಲೆ ಇನ್ನೇನು" ಎಂದರು ಅಜ್ಜಿ. ಸೀರೆ ಉಳಿಯಿತು.

ಬೀಗರನ್ನು ಬಸ್ಸು ಹತ್ತಿಸಿ ಬಂದ ಮೇಲೆ ಚೌಡಪ್ಪನವರು ನನ್ನನ್ನು ಜಗಲಿಯ ಮೇಲೆ ಕೂರಿಸಿಕೊಂಡರು. ನನಗೆ ಬೆನ್ನು ತಟ್ಟಿಸಿಕೊಳ್ಳುವ ಉತ್ಸಾಹವಿತ್ತು. ಅವರು, "ನಿಜ ಹೇಳಿ ಮೇಷ್ಟ್ರೇ. ನಮ್ ಹುಡುಗಿ ಸೀರೆ ಉಳೀಲಿ ಅಂತ ಹಂಗಂದ್ರೋ, ನಿಮಗೆ ನಿಜವಾಗ್ಲೂ ಹಂಗೇ ಕಾಣುತ್ತೋ?" ಎಂದು ಕೇಳಿದರು.

ಉಳಿಯಲೆಂದು ಹೇಳಿದೆ ಎಂದಿದ್ದರೆ ಸಾಕಾಗಿತ್ತು. ಅವರು ನಗುತ್ತಿದ್ದರು, ಇಬ್ಬರೂ ಕಾಫಿ ಕುಡಿದು ಏಳುತ್ತಿದ್ದೆವು. ಆದರೆ ನಾನು ಪಂಡಿತ. "ಓದೋಕಾಗದೇ ಇರೋದು ಅಕ್ಷರ ಹೆಂಗಾಗುತ್ತೆ ಚೌಡಪ್ಪನವರೇ?" ಎಂದೆ. ಅವರು ತಲೆಯಾಡಿಸಿದರು. ಆ ತುಂಡನ್ನು ನೀಟಾಗಿ ನಾಲ್ಕು ಮಡಿಕೆ ಮಾಡಿ, "ಇದು ನೀವೇ ಇಟ್ಕೊಳ್ಳಿ" ಎಂದು ನನ್ನ ಕೈಗೆ ಕೊಟ್ಟರು.

ಮದುವೆ ಚೆನ್ನಾಗಿ ನಡೆಯಿತು. ಕಡುಹಸಿರು ಸೀರೆಯಲ್ಲಿ ಭಾಗ್ಯ ಲಕ್ಷಣವಾಗಿ ಕಾಣುತ್ತಿದ್ದಳು. ಹೆಂಗಸರು ಬಗ್ಗಿ ಬಗ್ಗಿ ಅಂಚು ನೋಡಿ, ಇದ್ಯಾವ ಬಳ್ಳಿಯೆಂದು ಕೇಳಿದರು. ಹುಡುಗಿ ಧಾರೆಗೆ ಬರುವಾಗಲೂ ಸಪ್ತಪದಿ ತುಳಿಯುವಾಗಲೂ ಎಡಗೈಯಲ್ಲಿ ನಿರಿಗೆಯನ್ನು ಸ್ವಲ್ಪ ಎತ್ತಿ ಹಿಡಿದುಕೊಂಡೇ ಇದ್ದಳು. ಹೆಣ್ಣಿಗೆ ನಾಚಿಕೆ ಎಂದರು ಕೆಲವರು, ಸೀರೆ ಉದ್ದವಾಯಿತು ಎಂದರು ಕೆಲವರು. ನಾನು ಊಟದ ಮನೆಯ ಬೋರ್ಡು ಓದುತ್ತಿದ್ದೆ.

ಅದಾದ ಮೇಲೆ ಚೌಡಪ್ಪನವರು ಅಕ್ಷರ ಬರೆದದ್ದನ್ನು ನಾನು ನೋಡಲಿಲ್ಲ. ಗೋಡೆಯ ಮೇಲಿನ ಅಕಾರಗಳೂ ಮಾಯವಾದವು. ಕೇಳಿದ್ದಕ್ಕೆ, "ಸುಣ್ಣ ಹೊಡಿಸಿದ್ವಲ್ಲ ಮೇಷ್ಟ್ರೇ, ಆವಾಗ ತೆಗ್ದಿದ್ದು" ಎಂದರು. ಮಾವಿನಕಾಯಿಗಳು ಮುಂದುವರಿದವು. ನಮ್ಮ ಸ್ನೇಹವೂ ಮುಂದುವರಿಯಿತು. ಹಬ್ಬಕ್ಕೆ ಒಬ್ಬಟ್ಟು ಆ ಕಡೆಯಿಂದ ಈ ಕಡೆಗೆ, ಹೋಳಿಗೆ ಸಾರು ಈ ಕಡೆಯಿಂದ ಆ ಕಡೆಗೆ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಾವು ಇದೇ ಊರಿನ ಇನ್ನೊಂದು ಬಡಾವಣೆಯಲ್ಲಿ ಸ್ವಂತ ಮನೆ ಕಟ್ಟಿಕೊಂಡು ಬಂದೆವು. ಅವರ ಕೆಲಸಕ್ಕೆ ಕ್ರಮೇಣ ಕಂಪ್ಯೂಟರು ಬಂತು, ಅವರ ಹಲಗೆ ಅಟ್ಟ ಸೇರಿತು. ಮಗ್ಗದ ಸದ್ದಿನ ನಡುವೆ ಬದುಕಿದ ಆ ಬೀದಿಯ ಹಲವರಂತೆ ಅವರ ಕಿವಿಯೂ ಮಂದವಾಗುತ್ತ ಬಂದು, ಈಗ ಏನೂ ಕೇಳಿಸುವುದಿಲ್ಲ. ನಾನು ಅವರನ್ನು ನೋಡಿ ಎರಡು ವರ್ಷದ ಮೇಲಾಗಿತ್ತು.

ಇದನ್ನೆಲ್ಲ ನೆನೆಯುತ್ತ ಬೆಳಿಗ್ಗೆ ಆ ತುಂಡನ್ನು ಮೊಣಕಾಲ ಮೇಲೆ ಹರಡಿಕೊಂಡು ಕೂತಿದ್ದೆ. ಕಣ್ಣು ಮಂಜು. ಓದಲು ಹೋದರೆ ಓದಿಸಿಕೊಳ್ಳದು. ಕೆಂಪು ಗೀಟುಗಳಿಲ್ಲದಿದ್ದರೆ ಸರಿಯಾದ ಅಂಚು ಯಾವುದು, ತಿರುಗಿದ ಅಂಚು ಯಾವುದು ಎಂಬುದೇ ನನಗೆ ತಿಳಿಯುತ್ತಿರಲಿಲ್ಲ. ಚಿನ್ನದ ಬಣ್ಣದ ಒಂದು ಗೆರೆ ಹೊಟ್ಟೆ ಉಬ್ಬಿಸಿಕೊಂಡು ಏಳುತ್ತಿತ್ತು, ಸುತ್ತಿ ಒಳಗೆ ಹೋಗುತ್ತಿತ್ತು, ಹೊರಬಂದು ಪಕ್ಕದ್ದಕ್ಕೆ ಜಾಗ ಬಿಟ್ಟು ನಿಲ್ಲುತ್ತಿತ್ತು. ಎಷ್ಟು ಹೊತ್ತು ನೋಡಿದೆನೋ. ಹಿಂದೆ ಒಂದು ಸಲವೂ ಇದನ್ನು ನೋಡಿರಲಿಲ್ಲ ಎಂಬುದು ತಿಳಿದು ನನಗೆ ನಾಚಿಕೆಯಾಯಿತು. ಜೀವಮಾನವೆಲ್ಲ ಅಕ್ಷರದ ಅನ್ನ ತಿಂದವನು ನಾನು.

ಹೆಂಡತಿ ಒಳಗೆ ಬಂದು ತುಂಡನ್ನು ಕಂಡಳು. "ಅಯ್ಯೋ, ಭಾಗ್ಯನ ಧಾರೆ ಸೀರೇದಲ್ವಾ ಇದು? ಪಾಪ, ಆವತ್ತು ಪೂರ್ತಿ ಎತ್ತಿ ಹಿಡ್ಕೊಂಡೇ ಇದ್ಲು ಹುಡುಗಿ" ಎಂದಳು.

"ಉದ್ದ ಆಗಿತ್ತಲ್ಲ" ಎಂದೆ.

"ಉದ್ದಾನೂ ಇಲ್ಲ, ಗಿದ್ದಾನೂ ಇಲ್ಲ. ಅಪ್ಪ ಬರ್ದಿರೋ ಅಕ್ಷರ, ಕಾಲಿಗ್ ತಾಕ್ಬಾರ್ದು ಅಂತ. ಬಾಣಂತನಕ್ಕೆ ಬಂದಾಗ ನನ್ ಹತ್ರ ಹೇಳಿದ್ಲು."

"ನಂಗೆ ಯಾಕೆ ಹೇಳ್ಲಿಲ್ಲ ನೀನು?"

"ನೀವೆಲ್ಲಿ ಕೇಳಿದ್ರಿ?" ಎನ್ನುತ್ತ ಕಣ್ಣಿಗೆ ಹಾಕುವ ಔಷಧಿ ತರಲು ಹೋದಳು.

ಎಡಬಲ ತಿರುಗಿದ್ದರೂ ಆ ಹುಡುಗಿಗೆ ಅವು ಅಕ್ಷರವೇ ಆಗಿದ್ದವು. ನನ್ನ ತರಗತಿಯಲ್ಲೇ ಕೂತು ಕಲಿತವಳು. ನನ್ನಿಂದ ಕಲಿಯಲಿಲ್ಲ ಎಂಬುದು ಸ್ಪಷ್ಟ.

ಸಂಜೆ ನಾಲ್ಕರ ಹೊತ್ತಿಗೆ ಕಪ್ಪು ಕನ್ನಡಕ ಏರಿಸಿ, ಆಟೋ ಹಿಡಿದು ಹಳೆಯ ಬೀದಿಗೆ ಹೋದೆ. ಮಗ್ಗಗಳು ಕಡಿಮೆಯಾಗಿವೆ, ಆದರೂ ಸದ್ದಿದೆ. ಚೌಡಪ್ಪನವರು ಅದೇ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದರು. ಇನ್ನೂ ಬಡಕಲಾಗಿದ್ದಾರೆ. ನನ್ನ ಕೈ ಹಿಡಿದುಕೊಂಡು, "ಕಣ್ಣು ಮಾಡಿಸ್ಕೊಂಡ್ರಂತೆ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದರು. ನಾನು, "ಚೌಡಪ್ಪನವರೇ, ಅವತ್ತು ನಾನು ಹೇಳಿದ್ದು ತಪ್ಪು" ಎಂದು ಅಷ್ಟೇ ಗಟ್ಟಿಯಾಗಿ ಕೂಗಿದೆ. "ಆಂ?" ಎಂದು ಕೈಯನ್ನು ಕಿವಿಗಿಟ್ಟುಕೊಂಡರು. ಮತ್ತೆ ಕೂಗಿದೆ. "ಕಾಫಿನಾ? ತರ್ತಾರೆ ಕೂತ್ಕೊಳ್ಳಿ" ಎಂದರು. ಅವರ ಸೊಸೆ ಬಂದು, ಏನಿದ್ದರೂ ಬರೆದು ತೋರಿಸಬೇಕೆಂದು ಹೇಳಿ, ಹಳೆಯ ಚೌಕುಳಿ ಕಾಗದದ ಒಂದು ಹಾಳೆ ಕೊಟ್ಟು ಹೋದಳು.

ಜೇಬಿನಲ್ಲಿ ಎರಡು ಪೆನ್ನಿದ್ದವು. ನಿವೃತ್ತಿಯಾಗಿ ಇಷ್ಟು ವರ್ಷವಾದರೂ ಕೆಂಪು ಪೆನ್ನು ಇಟ್ಟುಕೊಳ್ಳುವ ಅಭ್ಯಾಸ ಹೋಗಿಲ್ಲ. ನೀಲಿಯದನ್ನು ತೆಗೆದೆ. ಕ್ಷಮೆ ಕೇಳುವ ನಾಲ್ಕು ವಾಕ್ಯಗಳನ್ನು ಆಟೋದಲ್ಲೇ ಜೋಡಿಸಿಕೊಂಡಿದ್ದೆ, ವ್ಯಾಕರಣಬದ್ಧವಾಗಿಯೇ. ಹಾಳೆ ಮುಂದಿಟ್ಟುಕೊಂಡಾಗ ಅದನ್ನು ಬರೆಯಲು ಮನಸ್ಸಾಗಲಿಲ್ಲ. ಅವರು ಓದಿ ಮುಂದಕ್ಕೆ ಹೋಗುತ್ತಿದ್ದರು. ತುಂಡನ್ನು ಪಕ್ಕದಲ್ಲಿ ಹರಡಿ, ಕೆಂಪು ಗೀಟಿದ್ದ ಅಂಚನ್ನು ನನ್ನ ಕಡೆಗೆ ತಿರುಗಿಸಿಕೊಂಡು, ಅಲ್ಲಿದ್ದ ತಿರುಗಿದ ಅಕಾರವನ್ನು ನೋಡಿಕೊಂಡು ಹಾಳೆಯ ಮೇಲೆ ದೊಡ್ಡದಾಗಿ ಬರೆಯತೊಡಗಿದೆ. ಅರವತ್ತು ವರ್ಷ ಒಂದೇ ಕಡೆ ತಿರುಗಿದ ಕೈ ಇನ್ನೊಂದು ಕಡೆ ತಿರುಗಲು ಒಪ್ಪಲಿಲ್ಲ. ಗೆರೆ ನಡುಗಿತು. ಚೌಕುಳಿಯ ಮನೆಗಳು ಕಾಣುತ್ತಿರಲಿಲ್ಲ, ಅಂದಾಜಿನ ಮೇಲೆ ಹೋದೆ. ಮುಗಿಸಿ ಅವರ ಮುಂದೆ ಸರಿಸಿದೆ.

ಚೌಡಪ್ಪನವರು ಹಾಳೆಯನ್ನು ನೋಡಿದರು, ಬಟ್ಟೆಯನ್ನು ನೋಡಿದರು, ನನ್ನ ಕಪ್ಪು ಕನ್ನಡಕವನ್ನು ನೋಡಿದರು. ಆಮೇಲೆ ಕೈ ಚಾಚಿ ನನ್ನ ಜೇಬಿನಿಂದ ಕೆಂಪು ಪೆನ್ನನ್ನು ತಾವೇ ತೆಗೆದುಕೊಂಡು, ಹಾಳೆಯ ಮೇಲೆ ಬಗ್ಗಿ ಒಂದು ಪುಟ್ಟ ಗೀಟು ಹಾಕಿದರು.

"ಹೊಟ್ಟೆ ಎರಡು ಮನೆ ಜಾಸ್ತಿ ಆಯ್ತು ಮೇಷ್ಟ್ರೇ" ಎಂದರು. ಅವರ ಕಣ್ಣಲ್ಲಿ ನೀರಿತ್ತೋ, ನನ್ನ ಕಣ್ಣಲ್ಲೇ ಇತ್ತೋ, ಈ ಪರಿಸ್ಥಿತಿಯಲ್ಲಿ ನನ್ನ ಸಾಕ್ಷ್ಯ ನಡೆಯುವುದಿಲ್ಲ. ಹಾಳೆಯನ್ನು ಮತ್ತೆ ನನ್ನ ಕಡೆ ತಳ್ಳಿದರು.

"ಇನ್ನೊಂದ್ಸಲ ಬರೀರಿ."

ಬರೆದೆ.